ಸ್ಪಷ್ಟನೆ: ಅಕ್ಟೋಬರ್ 2 ಜಗತ್ತಿಗೆಲ್ಲ ರಜೆಯಲ್ಲ

"ಗಾಂಧಿ ಜಯಂತಿಗೆ ವಿಶ್ವಸಂಸ್ಥೆಯಿಂದ ಜಗತ್ತಿನಾದ್ಯಂತ ಸರ್ಕಾರಿ ರಜೆ, ಮಂಡೇಲಾ ಜನ್ಮದಿನಕ್ಕೂ ಹಾಗೆಯೇ" ಎಂಬ ಸಂದೇಶ ಕಾಸರಗೋಡಿನ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮೊನ್ನೆ ನಾನೂ ಅದನ್ನು ಹಳೆ ವಿದ್ಯಾರ್ಥಿಗಳ ಗುಂಪಿಗೆ ಹಾಕಿದ್ದೆ. ತಪ್ಪಾಯಿತು, ಕ್ಷಮಿಸಿ.

ವಿಶ್ವಸಂಸ್ಥೆಯ ಮಹಾಸಭೆ 2007ರ ಜೂನ್ 15ರಂದು ಅಕ್ಟೋಬರ್ 2ನ್ನು ಅಂತರರಾಷ್ಟ್ರೀಯ ಅಹಿಂಸಾ ದಿನವೆಂದು ಘೋಷಿಸಿದ್ದು ನಿಜ. 2009ರಲ್ಲಿ ಜುಲೈ 18ನ್ನು ಮಂಡೇಲಾ ದಿನವೆಂದು ಸಾರಿತು. ಎರಡೂ ಆಚರಣೆಯ ದಿನಗಳು, ರಜೆಗಳಲ್ಲ. ಮಂಡೇಲಾ ಅವರ ದಕ್ಷಿಣ ಆಫ್ರಿಕಾದಲ್ಲೇ ಅಂದು ಸಾರ್ವಜನಿಕ ರಜೆಯಿಲ್ಲ. ಅವರು ಹೋರಾಟಕ್ಕೆ, ಜನಸೇವೆಗೆ ಕೊಟ್ಟ 67 ವರ್ಷಗಳ ನೆನಪಿಗೆ ಜನ 67 ನಿಮಿಷ ಬೇರೆಯವರಿಗಾಗಿ ದುಡಿಯುತ್ತಾರೆ. ನನಗಂತೂ ಇದು ರಜೆಗಿಂತ ದೊಡ್ಡ ಗೌರವವೆನಿಸಿತು.

ರಜೆ ಕೊಡುವುದು ಆಯಾ ಸರ್ಕಾರ. ಕೇರಳ-ಕರ್ನಾಟಕ ಗಡಿಯಲ್ಲಿರುವ ನಮಗಿದು ಹೊಸತಲ್ಲ. ನಾರಾಯಣ ಗುರು ಸಮಾಧಿ ದಿನ ಕೇರಳದಲ್ಲಿ ರಜೆ, ಮಂಜೇಶ್ವರದ ಶಾಲೆಗಳಿಗೆ ಬೀಗ. ತಲಪಾಡಿ ದಾಟಿ ಮಂಗಳೂರಿನ ಕಾಲೇಜಿಗೆ ಹೋಗುವ ಮಕ್ಕಳು ಮಾತ್ರ ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಕಾಯುತ್ತಾರೆ. ಕನಕ ಜಯಂತಿಯಂದು ಇದರ ಉಲ್ಟಾ.

ಆ ಸಂದೇಶ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕಳಿಸಿಯಾಗಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿಬಿಡಿ.