ಪರ-ವಿರೋಧ: ಬೆಂಗಳೂರು ಜಿಲ್ಲಾ ಲೀಗ್ ಫುಟ್‌ಬಾಲ್ ಈಗ ಶುರುವಾಗಬೇಕಾ?

ನವೆಂಬರ್ 2020

ಕೊರೊನಾ ಬಂದು ಮಾರ್ಚ್ ಮಧ್ಯದಲ್ಲಿ ದೇಶದಲ್ಲೆಲ್ಲ ಫುಟ್‌ಬಾಲ್ ನಿಂತಿತು. ದೊಡ್ಡ ಲೀಗ್‌ಗಳು ಒಂದೊಂದಾಗಿ ಏಳುತ್ತಿವೆ. ನಮ್ಮ ಜಿಲ್ಲಾ ಲೀಗ್‌ನ ಮೇಲಿಂದ ಕೆಳಗಿನ ನಾಲ್ಕು ಹಂತ, ಅಂದರೆ ಸೂಪರ್, ಎ, ಬಿ, ಸಿ ಡಿವಿಷನ್‌ಗಳ ಗತಿ ಏನು? ಹಳೆಯ ಆಟಗಾರರೊಬ್ಬರಿಗೆ ಪರ ಬರೆಯಲು ಹೇಳಿದೆವು. ಅವರೀಗ ಬಿ ಡಿವಿಷನ್ ಕ್ಲಬ್ಬಿನ ಕೋಚ್. ವಿರೋಧಕ್ಕೆ ಸಿಕ್ಕವರು ಸಿ ಡಿವಿಷನ್ ಕ್ಲಬ್ಬೊಂದರ ಲೆಕ್ಕಪತ್ರ ನೋಡಿಕೊಳ್ಳುವವರು.

ಪರ: ಟಿವಿಯಲ್ಲಿ ಬರುವವರಿಗೆ ಮಾತ್ರ ಆಟವಾ?

ಮೊನ್ನೆ ಮಂಗಳವಾರ ದುಬೈನಲ್ಲಿ ಐಪಿಎಲ್ ಫೈನಲ್ ಮುಗಿಯಿತು. ಇದೇ 20ಕ್ಕೆ ಗೋವಾದಲ್ಲಿ ಫುಟ್‌ಬಾಲಿನ ದೊಡ್ಡ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರು. ಅರ್ಧ ಸೀಟು ತುಂಬಿಸಿ ಎಂದು ಥಿಯೇಟರ್‌ಗಳಿಗೆ ಅಕ್ಟೋಬರ್ 15ಕ್ಕೇ ಅನುಮತಿ ಸಿಕ್ಕಿದೆ. 17ರಿಂದ ಕಾಲೇಜು ತೆರೆಯುತ್ತವೆ. ಆರ್.ಆರ್. ನಗರ ಉಪಚುನಾವಣೆಯ ಪ್ರಚಾರದಲ್ಲಿ ಜನ ಹೇಗೆ ಮೈಗೆ ಮೈ ತಾಗಿಸಿಕೊಂಡು ನಿಂತಿದ್ದರು, ಮಾಸ್ಕ್ ಯಾರ ಗದ್ದದ ಕೆಳಗಿತ್ತು, ಎಲ್ಲ ಟಿವಿಯಲ್ಲಿ ನೋಡಿದ್ದೇವೆ. ಅದೆಲ್ಲ ನಡೆಯಬಹುದು. ಅಶೋಕನಗರದ ಸ್ಟೇಡಿಯಂನಲ್ಲಿ ಇಪ್ಪತ್ತೆರಡು ಹುಡುಗರು ತೊಂಬತ್ತು ನಿಮಿಷ ಆಡಿದರೆ ಮಾತ್ರ ಕೊರೊನಾ ಬರುತ್ತದೆ, ಅಲ್ವಾ?

ನನಗೆ ಸಿಟ್ಟು ಬಂದಿದೆ. ಅದನ್ನು ಮುಚ್ಚಿಟ್ಟುಕೊಂಡು ಬರೆಯೋಕೆ ನನ್ನಿಂದ ಆಗಲ್ಲ.

ಮೊದಲು ಒಂದು ವಿಷಯ. ಆಟ ನಿಂತಿದೆ ಅಂತ ಯಾರು ಹೇಳಿದ್ದು? ಲೀಗ್ ನಿಂತಿದೆ, ಆಟ ನಿಂತಿಲ್ಲ. ಯಾವ ಏರಿಯಾಗೆ ಬೇಕಾದರೂ ರಾತ್ರಿ ಒಂಬತ್ತರ ಮೇಲೆ ಹೋಗಿ ನೋಡಿ. ಬಾಡಿಗೆ ಟರ್ಫ್‌ಗಳು ಫುಲ್. ಒಂದು ಬ್ಯಾಚ್ ಬೆವರು ಒರೆಸಿಕೊಂಡು ಹೊರಗೆ ಬರುತ್ತಿದ್ದ ಹಾಗೇ ಇನ್ನೊಂದು ಬ್ಯಾಚ್ ಒಳಗೆ. ಐದು ಜನರ ಟೂರ್ನಮೆಂಟ್, ಏಳು ಜನರ ಟೂರ್ನಮೆಂಟ್, ಗೆದ್ದವರಿಗೆ ಕ್ಯಾಶ್. ನಮ್ಮ ಕ್ಲಬ್ಬಿನ ಹುಡುಗರೂ ಆಡುತ್ತಾರೆ, ನಾನು ಬೇಡ ಅಂದರೂ ಕದ್ದು ಆಡುತ್ತಾರೆ. ಅಲ್ಲಿ ಜ್ವರ ನೋಡುವವರು ಯಾರೂ ಇಲ್ಲ. ಯಾರು ಯಾರ ಜೊತೆ ಆಡಿದರು ಅಂತ ಪಟ್ಟಿ ಇಲ್ಲ. ನಾಳೆ ಒಬ್ಬನಿಗೆ ಪಾಸಿಟಿವ್ ಬಂದರೆ ಉಳಿದವರನ್ನು ಎಲ್ಲಿ ಹುಡುಕುತ್ತೀರಿ? ಲೀಗ್‌ನಲ್ಲಿ ಪ್ರತಿ ಹುಡುಗನದೂ ರಿಜಿಸ್ಟ್ರೇಷನ್ ಇದೆ, ಫೋಟೊ ಇದೆ, ಫೋನ್ ನಂಬರ್ ಇದೆ, ಮ್ಯಾಚ್ ಶೀಟ್ ಮೇಲೆ ಹೆಸರಿದೆ. ಯಾವುದು ಸೇಫ್, ನೀವೇ ಹೇಳಿ.

ಆಗಲ್ಲ ಅನ್ನುವವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಕಳೆದ ತಿಂಗಳು ಕೋಲ್ಕತ್ತಾ ಮತ್ತು ಹತ್ತಿರದ ಕಲ್ಯಾಣಿ ಊರಿನಲ್ಲಿ, ದೇಶಮಟ್ಟದ ಇನ್ನೊಂದು ಲೀಗ್ ಆದ ಐ-ಲೀಗ್‌ನ ಅರ್ಹತಾ ಪಂದ್ಯಗಳು ನಡೆದವು. ಐದು ತಂಡ. ನಮ್ಮ ಎಫ್‌ಸಿ ಬೆಂಗಳೂರು ಯುನೈಟೆಡ್ ಕೂಡ ಹೋಗಿ ಆಡಿ ಬಂತು. ಮೊಹಮ್ಮಡನ್ ಸ್ಪೋರ್ಟಿಂಗ್ ಗೆದ್ದು ಐ-ಲೀಗ್‌ಗೆ ಏರಿತು. ಅದು ನಡೆದಾಗ ದೇಶದಲ್ಲಿ ಕೇಸುಗಳು ಈಗಿನದಕ್ಕಿಂತ ಜಾಸ್ತಿ ಇದ್ದವು. ನಮ್ಮ ರಾಜ್ಯದಲ್ಲೇ ಅಕ್ಟೋಬರ್ ಮೊದಲ ವಾರ ದಿನಕ್ಕೆ ಹತ್ತು ಸಾವಿರದ ಆಸುಪಾಸು ಬರುತ್ತಿದ್ದವು, ಈಗ ಎರಡು-ಮೂರು ಸಾವಿರ.

ಇಂಗ್ಲೆಂಡ್ ಕಡೆ ನೋಡಿ. ಮಾರ್ಚ್‌ನಲ್ಲಿ ಅಲ್ಲಿ ಕೆಳಹಂತದ ಲೀಗ್‌ಗಳ ಇಡೀ ಸೀಸನ್ನನ್ನೇ ಅಳಿಸಿ ಹಾಕಿದರು. ಜೆರ್ಸಿ ಬುಲ್ಸ್ ಅಂತ ಒಂದು ದ್ವೀಪದ ಕ್ಲಬ್, ಹತ್ತನೇ ಹಂತದ್ದು, ಅದರ ಮೊದಲನೇ ಸೀಸನ್. ಲೀಗ್‌ನಲ್ಲಿ 27 ಪಂದ್ಯ ಆಡಿ 27ನ್ನೂ ಗೆದ್ದಿದ್ದರು. ಎಲ್ಲ ಸೊನ್ನೆ. ಮೇಲಿನವರು ಜೂನ್‌ನಲ್ಲಿ ವಾಪಸ್ ಬಂದು ಲಿವರ್‌ಪೂಲ್‌ಗೆ ಕಪ್ ಕೊಟ್ಟರು, ಇವರ ಲೆಕ್ಕ ಕೇಳುವವರಿಲ್ಲ. ಆದರೆ ಹೊಸ ಸೀಸನ್‌ಗೆ ಅಲ್ಲಿನವರು ಬುದ್ಧಿ ಉಪಯೋಗಿಸಿದರು. ಪ್ರೀಮಿಯರ್ ಲೀಗ್ ಖಾಲಿ ಸ್ಟೇಡಿಯಂನಲ್ಲಿ ಆಡುತ್ತಿರುವಾಗ, ಕೆಳಗಿನ ಕ್ಲಬ್‌ಗಳಿಗೆ ಮಿತಿ ಹಾಕಿ ಜನರನ್ನೂ ಬಿಟ್ಟರು. ನಾವು ಜನ ಬೇಡ ಅಂತಲೇ ಹೇಳುತ್ತಿದ್ದೇವೆ. ಗೇಟು ಹಾಕಿಕೊಂಡು ಆಡಿಸಿ. ನಮ್ಮ ಮ್ಯಾಚ್ ನೋಡೋಕೆ ಮೊದಲೇನು ಸಾಲುಗಟ್ಟಿ ಬರುತ್ತಿದ್ದರಾ?

ಈಗ ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಹೆಸರು ಬೇಡ. ನಮ್ಮ ಗೋಲ್‌ಕೀಪರ್. ಆಸ್ಟಿನ್ ಟೌನ್ ಹತ್ತಿರದವನು, ತಂದೆ ಇಲ್ಲ, ತಾಯಿ ಮನೆಕೆಲಸ. ಇವನ ಕೈ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ, ಕೀಪರ್ ಆಗೋಕೇ ಹುಟ್ಟಿದ ಕೈ. ಫೆಬ್ರವರಿಯಲ್ಲಿ ಒಂದು ಇಲಾಖೆಯ ತಂಡದವರು ಇವನ ಆಟ ನೋಡಿ, ಏಪ್ರಿಲ್‌ನಲ್ಲಿ ಟ್ರಯಲ್ಸ್‌ಗೆ ಬಾ ಅಂದಿದ್ದರು. ಏಪ್ರಿಲ್‌ನಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ತಾಯಿಗೆ ಮನೆಗಳಲ್ಲಿ ಸದ್ಯಕ್ಕೆ ಬರಬೇಡ ಅಂದರು, ಸಂಬಳವೂ ಇಲ್ಲ. ಇವನು ಯಾರದೋ ಬೈಕ್ ತಗೊಂಡು ಊಟ ಡೆಲಿವರಿಗೆ ಇಳಿದ. ಆಗಸ್ಟ್‌ನ ಒಂದು ಸಂಜೆ, ಜೋರು ಮಳೆ, ರಿಚ್ಮಂಡ್ ರೋಡ್ ಸಿಗ್ನಲ್‌ನಲ್ಲಿ ನನ್ನ ಪಕ್ಕದಲ್ಲೇ ಬಂದು ನಿಂತ. ಹೆಲ್ಮೆಟ್ ಒಳಗಿನ ಮುಖ ಗೊತ್ತಾಗಲಿಲ್ಲ, ಗುರುತು ಸಿಕ್ಕಿದ್ದು ಗ್ಲೌಸ್ ನೋಡಿ. ಮ್ಯಾಚ್ ಗ್ಲೌಸ್ ಹಾಕಿಕೊಂಡೇ ಬೈಕ್ ಓಡಿಸುತ್ತಿದ್ದ. ಅಂಗೈಯ ರಬ್ಬರ್ ಪದರ ಕಿತ್ತುಕೊಂಡು ಬಂದು, ಆಕ್ಸಿಲೇಟರ್ ಹಿಡಿಯೋ ಕಡೆ ಬರೀ ಬಟ್ಟೆ ಉಳಿದಿತ್ತು. ಆ ಗ್ಲೌಸ್‌ಗೆ ಕ್ಲಬ್ಬಿನವರು ದುಡ್ಡು ಹಾಕಿದ್ದೆವು. ಬೈಯೋಣ ಅಂತ ಬಾಯಿ ತೆರೆದೆ. ಅವನೇ ಮೊದಲು ಕೇಳಿದ, "ಸಾರ್, ಲೀಗ್ ಯಾವಾಗ ಸಾರ್?" ಸಿಗ್ನಲ್ ಬಿಟ್ಟಿತು. ಹಿಂದೆ ಹಾರ್ನ್. ನಾನು ಏನೂ ಹೇಳಲಿಲ್ಲ.

ಅವನಿಗೆ ಈಗ ವಯಸ್ಸಿನ ಮಿತಿ ಹತ್ತಿರ ಬಂತು. ಮುಂದಿನ ವರ್ಷ ಅವನು ಜೂನಿಯರ್ ಅಲ್ಲ. ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆಗೋ ಬ್ಯಾಂಕಿಗೋ ಅರ್ಜಿ ಹಾಕಿದರೆ ಕೇಳೋದು ಇತ್ತೀಚಿನ ಸರ್ಟಿಫಿಕೇಟ್. ಲೀಗ್ ಇಲ್ಲ ಅಂದರೆ ಜಿಲ್ಲಾ ತಂಡಕ್ಕೆ ಆಯ್ಕೆ ಇಲ್ಲ, ಅದಿಲ್ಲ ಅಂದರೆ ರಾಜ್ಯ ತಂಡ ಇಲ್ಲ, ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? ಬೆಂಗಳೂರಿನ ಫುಟ್‌ಬಾಲ್ ನಡೆದಿದ್ದೇ ಹಾಗೆ. ಎಂಇಜಿ, ಎಎಸ್‌ಸಿ ಅಂತ ಸೇನೆಯವರು, ಎಚ್‌ಎಎಲ್, ಐಟಿಐ ಅಂತ ಸರ್ಕಾರಿ ಕಾರ್ಖಾನೆಯವರು ತಂಡ ಕಟ್ಟಿದ್ದಕ್ಕೇ ಬಡವರ ಮಕ್ಕಳು ಬೂಟು ಕಟ್ಟಿದರು. ರಾಜ್ಯಕ್ಕೆ ಮೈಸೂರು ಅಂತ ಹೆಸರಿದ್ದಾಗ ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದೆವು, ಕೊನೆಯದು 1968-69ರಲ್ಲಿ. ಆಮೇಲೆ ಈ 2020ರವರೆಗೂ ಇಲ್ಲ. ಕಳೆದ ತಿಂಗಳು 12ಕ್ಕೆ ಕಾರ್ಲ್‌ಟನ್ ಚಾಪ್‌ಮನ್ ಹೋಗಿಬಿಟ್ಟ, ಇನ್ನೂ ಐವತ್ತು ತುಂಬಿರಲಿಲ್ಲ. ಆಸ್ಟಿನ್ ಟೌನ್ ಹುಡುಗ. ಟಾಟಾ ಅಕಾಡೆಮಿಗೆ ಹೋಗಿ, ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಪರವಾಗಿ ಇರಾಕಿನ ಅಲ್ ಜವ್ರಾ ಮೇಲೆ ಹ್ಯಾಟ್ರಿಕ್ ಹೊಡೆದು, ಭಾರತದ ಕ್ಯಾಪ್ಟನ್ ಆದ. ಅವನ ಫೋಟೊಗೆ ಹಾರ ಹಾಕೋಕೆ ಎಲ್ಲರೂ ಬಂದರು. ಅದೇ ಗಲ್ಲಿಯ ಇವತ್ತಿನ ಹುಡುಗರಿಗೆ ಒಂದು ಮ್ಯಾಚ್ ಕೊಡಿ ಅಂದರೆ ಎಲ್ಲರೂ ಗೈಡ್‌ಲೈನ್ಸ್ ತೆಗೆಯುತ್ತಾರೆ.

ವಿರೋಧದವರು ಏನು ಬರೆಯುತ್ತಾರೆ ಗೊತ್ತು. ಜೀವ ಇದ್ದರೆ ಆಟ, ಮನೆಯಲ್ಲಿ ಅಜ್ಜಿ ತಾತ ಇದ್ದಾರೆ, ಇತ್ಯಾದಿ. ಹೀಗೆ ಬರೆಯುವವರೇ ಭಾನುವಾರ ಮಾಲ್‌ನಲ್ಲಿ ಎಸ್ಕಲೇಟರ್ ಮೇಲೆ ಸಿಗುತ್ತಾರೆ.

ನಾನು ಎಲ್ಲವನ್ನೂ ಒಟ್ಟಿಗೆ ತೆರೆಯಿರಿ ಅನ್ನುತ್ತಿಲ್ಲ. ಡಿಸೆಂಬರ್‌ನಲ್ಲಿ ಸೂಪರ್ ಡಿವಿಷನ್, ಒಂದು ತಿಂಗಳು ನೋಡಿ ಎ ಮತ್ತು ಬಿ, ಆಮೇಲೆ ಸಿ. ದಿನಕ್ಕೆ ಒಂದೇ ಮ್ಯಾಚ್ ಇಡಿ. ಡ್ರೆಸ್ಸಿಂಗ್ ರೂಮ್ ಬೀಗ ಹಾಕಿ, ಹುಡುಗರು ಮನೆಯಿಂದಲೇ ಜೆರ್ಸಿ ಹಾಕಿಕೊಂಡು ಬರಲಿ. ಹಿಂದೆಲ್ಲ ಹಾಗೇ ಬರುತ್ತಿದ್ದೆವು. ರೆಫ್ರಿಗಳಿಗೂ ನಾಲ್ಕು ಕಾಸು ಸಿಗಲಿ, ಅವರಿಗೆ ಮ್ಯಾಚ್ ಲೆಕ್ಕದಲ್ಲೇ ದುಡ್ಡು, ಮಾರ್ಚ್‌ನಿಂದ ಅದೂ ಇಲ್ಲ.

ವಿರೋಧ: ಸ್ವಲ್ಪ ತಡೆಯಿರಿ

ನಿಜ ಹೇಳಬೇಕೆಂದರೆ ಈ ಕಡೆ ಬರೆಯಲು ಮೊದಲು ಒಬ್ಬ ಡಾಕ್ಟರನ್ನು ಕೇಳಿದ್ದರಂತೆ. ಅವರಿಗೆ ಪುರುಸೊತ್ತಿಲ್ಲ. ಅದು ಅರ್ಥವಾಗುವ ಮಾತು. ಹಾಗಾಗಿ ನಾನು. ಲೀಗ್ ಶುರುವಾದರೆ ನನಗೂ ಖುಷಿಯೇ, ಮೊದಲನೇ ದಿನವೇ ಹೋಗಿ ಕೂರುವವನು ನಾನು. ಆದರೆ ವಿರೋಧ ಬರೆಯಿರಿ ಅಂದಿದ್ದಾರೆ. ಬರೆಯೋಕೆ ಕೂತ ಮೇಲೆ ಒಂದೆರಡು ವಿಷಯ ನನಗೇ ಸರಿ ಅನ್ನಿಸುತ್ತಿದೆ.

ಮೊದಲನೆಯದು ದುಡ್ಡು. ಗೋವಾದಲ್ಲಿ ಐಎಸ್‌ಎಲ್ ನಡೆಸುವವರು ಆಟಗಾರರನ್ನು ತಿಂಗಳುಗಟ್ಟಲೆ ಹೋಟೆಲ್‌ನಲ್ಲಿಟ್ಟು, ಮತ್ತೆ ಮತ್ತೆ ಟೆಸ್ಟ್ ಮಾಡಿಸುತ್ತಾರೆ. ಕೋಲ್ಕತ್ತಾದಲ್ಲಿ ನಡೆದದ್ದೂ ಐದೇ ತಂಡ, ಎರಡು ವಾರದ ಕೆಲಸ. ನಮ್ಮದು ನಾಲ್ಕು ಡಿವಿಷನ್. ನಮ್ಮ ಕ್ಲಬ್ಬಿನ ಪಾಸ್‌ಬುಕ್ ನನ್ನ ಹತ್ತಿರವೇ ಇದೆ. ಇಡೀ ತಂಡಕ್ಕೆ ಒಂದು ಸಲ ಟೆಸ್ಟ್ ಮಾಡಿಸಿದರೆ ಬಾಲ್ ತಗೊಳ್ಳೋಕೆ ದುಡ್ಡಿರಲ್ಲ. ಎರಡನೇ ಸಲ ಮಾಡಿಸಿದರೆ ಕ್ಲಬ್ಬೇ ಇರಲ್ಲ. ಟೆಸ್ಟ್ ಇಲ್ಲದೆ ಆಡಿಸೋಣ ಅನ್ನುವುದಾದರೆ ಬಾಯಿಬಿಟ್ಟು ಹೇಳಿ, ಕೋಲ್ಕತ್ತಾ ಹೆಸರು ಎತ್ತಬೇಡಿ.

ಇಂಗ್ಲೆಂಡ್ ಉದಾಹರಣೆ ಕೊಡುವವರು ಪೇಪರನ್ನು ಕೊನೆಯವರೆಗೂ ಓದುವುದು ಒಳ್ಳೆಯದು. ಶುರು ಮಾಡಿದರು, ಜನರನ್ನೂ ಬಿಟ್ಟರು, ಸರಿ. ಇದೇ ನವೆಂಬರ್ 5ರಿಂದ ಅಲ್ಲಿ ಮತ್ತೆ ಲಾಕ್‌ಡೌನ್. ಮೇಲಿನವರು ಆಡುತ್ತಲೇ ಇದ್ದಾರೆ, ಕೆಳಹಂತದ ಲೀಗ್‌ಗಳು ಅರ್ಧಕ್ಕೆ ನಿಂತಿವೆ. ಒಂದು ಸಲ ಅಳಿಸಿ ಹಾಕಿದ್ದು ಸಾಲದು ಅಂತ ಎರಡನೇ ಸಲವೂ ಹೀಗಾದರೆ ಆ ಕ್ಲಬ್ಬುಗಳ ಕಥೆ ಏನು? ಶುರು ಮಾಡಿ ನಿಲ್ಲಿಸುವುದಕ್ಕಿಂತ ತಡವಾಗಿ ಶುರು ಮಾಡುವುದು ವಾಸಿ. ಇದನ್ನು ಬೇಕಾದರೆ ನನ್ನ ಮುಖ್ಯ ವಾದ ಅಂದುಕೊಳ್ಳಿ.

ಸರ್ಟಿಫಿಕೇಟ್ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಜಿಲ್ಲಾ ಲೀಗ್ ಆಡಿದವರಿಗೆಲ್ಲ ರೈಲ್ವೆ ಕೆಲಸ ಸಿಕ್ಕಿದ್ದರೆ ರೈಲಿನಲ್ಲಿ ಪ್ರಯಾಣಿಕರಿಗೆ ಜಾಗವೇ ಇರುತ್ತಿರಲಿಲ್ಲ.

ಎರಡನೆಯದನ್ನು ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ಟಿವಿಯಲ್ಲಿ ಫುಟ್‌ಬಾಲ್ ನೋಡುವವರಿಗೆ ನಮ್ಮ ಕಡೆ ಬಿಬ್ ಅಂದರೆ ಏನು ಅಂತ ಗೊತ್ತಿರಲ್ಲ. ಪ್ರ್ಯಾಕ್ಟೀಸ್‌ನಲ್ಲಿ ಎರಡು ಟೀಮ್ ಮಾಡಿದಾಗ ಒಂದು ಟೀಮಿನವರು ಜೆರ್ಸಿ ಮೇಲೆ ಹಾಕಿಕೊಳ್ಳುವ ತೋಳಿಲ್ಲದ ಬನಿಯನ್. ನಮ್ಮ ಕ್ಲಬ್ಬಿನಲ್ಲಿ ಅದು ಒಂದೇ ಸೆಟ್, ಕಿತ್ತಳೆ ಬಣ್ಣ, ಈಗ ಹೆಚ್ಚು ಕಡಿಮೆ ಕಂದು. ಹತ್ತು ನಿಮಿಷ ಒಬ್ಬ ಹಾಕಿಕೊಳ್ಳುತ್ತಾನೆ, ಬೆವರಿನಲ್ಲಿ ಅದ್ದಿ ತೆಗೆದ ಹಾಗೆ ಆಗಿರುತ್ತದೆ, ಬಿಚ್ಚಿ ಇನ್ನೊಬ್ಬನ ಕಡೆ ಎಸೆಯುತ್ತಾನೆ, ಅವನು ತಲೆ ಮೇಲಿಂದ ಎಳೆದುಕೊಳ್ಳುತ್ತಾನೆ, ಮೂಗು ಬಾಯಿ ಎಲ್ಲ ಒರೆಸಿಕೊಂಡೇ ಅದು ಕೆಳಗಿಳಿಯೋದು. ನೀರಿಗೆ ಒಂದು ಕ್ಯಾನು, ಅದರ ಪಕ್ಕ ಎರಡು ಬಾಟಲಿ. ಎತ್ತಿ ಕುಡಿಯಿರೋ ಅಂದರೆ ಯಾರೂ ಕೇಳಲ್ಲ, ಓಡಿ ಬಂದವನಿಗೆ ಅಷ್ಟು ತಾಳ್ಮೆ ಎಲ್ಲಿರುತ್ತದೆ? ಮ್ಯಾಚ್ ಮುಗಿದ ಮೇಲೆ ಶೂ ಜಾಡಿಸಿದರೆ ಕೃತಕ ಹುಲ್ಲಿನ ಕಪ್ಪು ರಬ್ಬರ್ ಪುಡಿ ನೆಲದ ತುಂಬ. ಅದರ ಮಧ್ಯೆಯೇ ಎಲ್ಲರೂ ಗುಂಪಾಗಿ ಕೂತು ಬನ್ನು, ಬಾಳೆಹಣ್ಣು.

ಈ ಬಿಬ್‌ಗಳನ್ನು, ಜೆರ್ಸಿಗಳನ್ನು ಒಗೆಯುವುದು ನಮ್ಮ ಕಿಟ್ ತಾತ. ಎಲ್ಲರೂ ತಾತ ಅಂತಲೇ ಕರೆಯುವುದು. ಎಪ್ಪತ್ತರ ಹತ್ತಿರ, ಶುಗರ್ ಇದೆ. ಸಂಬಳ ಅಂತ ಏನಿಲ್ಲ, ಹಬ್ಬಕ್ಕೆ ಒಂದಿಷ್ಟು ಕೊಡುತ್ತೇವೆ. ಮ್ಯಾಚ್ ದಿನ ಬೆಳಗ್ಗೆಯೇ ಚೀಲ ಹೊತ್ತು ಬಸ್ಸಲ್ಲಿ ಬರುತ್ತಾರೆ, ಬೆಂಚಿನ ಮೇಲೆ ನಂಬರ್ ಪ್ರಕಾರ ಜೆರ್ಸಿ ಜೋಡಿಸುತ್ತಾರೆ, ಒಬ್ಬ ಹುಡುಗ 10 ನಂಬರ್ ಕದ್ದು ಎತ್ತಿಕೊಂಡರೆ ಕೈಗೆ ಏಟು. ನನ್ನನ್ನೂ ಒಂದು ಸಲ ಎಲ್ಲರ ಮುಂದೆ ಬೈದಿದ್ದಾರೆ, ಸಾಕ್ಸ್ ಲೆಕ್ಕದಲ್ಲಿ ಒಂದು ಜೊತೆ ಕಮ್ಮಿ ಬಂತು ಅಂತ. ಸಾಕ್ಸ್ ಕಮ್ಮಿ ಇರಲಿಲ್ಲ, ಅವರು ಎಣಿಸಿದ್ದು ತಪ್ಪು, ಅದು ಬೇರೆ ವಿಷಯ. ಜುಲೈನಲ್ಲಿ ಅವರ ಬೀದಿ ಸೀಲ್ ಮಾಡಿದಾಗ ನಾನು ಫೋನ್ ಮಾಡಿದ್ದೆ. ಆ ದಿನಗಳಲ್ಲಿ ಬೆಡ್ ಸಿಗದೆ, ಆಂಬ್ಯುಲೆನ್ಸ್ ಸಿಗದೆ ಜನ ಹೇಗೆ ಒದ್ದಾಡಿದರು ಅಂತ ನೆನಪಿದೆಯಲ್ಲ. ತಾತ ಕೇಳಿದ್ದು, ಬಿಬ್ ಎಲ್ಲ ಒಗೆದು ಇಟ್ಟಿದ್ದೀನಿ, ಬಂದು ತಗೊಂಡು ಹೋಗ್ತೀಯಾ ಅಂತ.

ಪರ ಬರೆದವರು ಅಜ್ಜಿ-ತಾತ ಅಂತ ಹಾಸ್ಯ ಮಾಡುತ್ತಾರೆ ಅಂತ ನನಗೆ ಗೊತ್ತಿತ್ತು, ಅವರನ್ನು ಎಷ್ಟೋ ವರ್ಷದಿಂದ ನೋಡಿದ್ದೇನೆ. ನಾನು ಮಾಲ್‌ಗೆ ಹೋಗಲ್ಲ. ಹುಡುಗರಿಗೆ ಏನೂ ಆಗಲಿಕ್ಕಿಲ್ಲ, ನಾಲ್ಕು ದಿನ ಜ್ವರ ಬಂದು ಹೋಗಬಹುದು. ಆದರೆ ಲೀಗ್ ಶುರುವಾಯಿತು ಅಂದರೆ ತಾತ ಮನೆಯಲ್ಲಿ ಕೂರಲ್ಲ. ಬೇಡ ಅಂತ ಹೇಳುವ ಧೈರ್ಯ ನಮ್ಮ ಕ್ಲಬ್ಬಿನಲ್ಲಿ ಯಾರಿಗೂ ಇಲ್ಲ, ನನಗಂತೂ ಇಲ್ಲ.

ಜನವರಿವರೆಗೆ ನೋಡಿ ಅನ್ನುತ್ತೇನೆ. ಲಸಿಕೆ ಬರುತ್ತದೆ ಅಂತ ಈ ವಾರ ಸುದ್ದಿ ಇದೆ, ಅದು ನಮ್ಮವರೆಗೆ ಯಾವಾಗ ತಲುಪುತ್ತದೋ. ಅಲ್ಲಿವರೆಗೆ ಬೇಕೇ ಬೇಕು ಅನ್ನುವುದಾದರೆ ಆಡಿಸುವವರು ಮೂರು ವಿಷಯ ಬರೆದು ಸಹಿ ಹಾಕಿ ಕೊಡಲಿ: ಟೆಸ್ಟಿನ ಖರ್ಚು ಯಾರದು, ಆಂಬ್ಯುಲೆನ್ಸ್ ಯಾರದು, ಪ್ರತಿ ಹುಡುಗನಿಗೂ ಒಂದೊಂದು ಬಿಬ್ ಯಾರು ಕೊಡಿಸುತ್ತಾರೆ. ಬಿಬ್‌ನ ಬಿಲ್ ನನ್ನ ಹೆಸರಿಗೇ ಬರುತ್ತದೆ, ಆದ್ದರಿಂದ ಅದನ್ನು ಮೊದಲು ಹೇಳಿ.