ಸೀನನ ಗೋಲು, ನನ್ನ ವಡೆ

ಬಿಳಿ ಅಂಗಿಯನ್ನು ಎರಡು ಸಲ ಒಗೆದರೂ ಸಾಂಬಾರಿನ ಕಲೆ ಹೋಗಿಲ್ಲ. ಮನೆಯಲ್ಲಿ ಏನಂತ ಹೇಳಲಿ? 1998ರಲ್ಲಿ ಹೊಡೆದ ಗೋಲು ಮೊನ್ನೆ ಭಾನುವಾರ ನನ್ನ ಹೊಟ್ಟೆ ಮೇಲೆ ಬಿತ್ತು ಅಂತಲಾ?

ಕಾಲೇಜು ಫುಟ್‌ಬಾಲ್ ಟೀಮಿನ ರಿಯೂನಿಯನ್. ಹನ್ನೊಂದರಲ್ಲಿ ಏಳು ಜನ ಬಂದಿದ್ದೆವು. ಮೊದಲು ಮಾಮೂಲಿ ಮಾತು: ಮಂಡಿ ನೋವು, ಶುಗರ್, ಮಕ್ಕಳ ಸಿಇಟಿ. ಆಮೇಲೆ ಸೀನ ಗಂಟಲು ಸರಿಮಾಡಿಕೊಂಡ. ಎಲ್ಲರಿಗೂ ಗೊತ್ತಾಯಿತು, ಗೋಲು ಬರ್ತಿದೆ.

ನಾನು ಗೋಲ್‌ಕೀಪರ್. ಈ ತುದಿಯಲ್ಲಿ ನಿಂತು ಕಣ್ಣಾರೆ ನೋಡಿದ್ದೇನೆ. ಪೆನಾಲ್ಟಿ ಚುಕ್ಕೆಯ ಹತ್ತಿರದಿಂದ, ಅಂದರೆ ಬರೀ 12 ಗಜ, ಕಾಲಿಗೂ ಸರಿಯಾಗಿ ಸಿಗದೆ, ಡಿಫೆಂಡರನ ತೊಡೆಗೆ ಬಡಿದು ಒಳಗೆ ಹೋದ ಗೋಲು ಅದು. ಮೊದಲ ರಿಯೂನಿಯನ್‌ನಲ್ಲಿ 20 ಗಜವಾಯಿತು. ಹೋಗ್ಲಿ ಅಂತ ಸುಮ್ನಿದ್ದೆವು. 2023ರಲ್ಲಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತಲ್ಲ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ, ಅವತ್ತು ರಾತ್ರಿ ಫೋನ್ ಮಾಡಿ 30 ಗಜ ಮಾಡಿದ. ಮೊನ್ನೆ ನೋಡಿದರೆ ಸೆಂಟರ್ ಲೈನ್! ಹೀಗೇ ಬಿಟ್ಟರೆ ನಾನು ನಿಂತಿದ್ದ ಜಾಗದಿಂದಲೇ ಹೊಡೆದಿರುತ್ತಾನೆ.

"ನಂಬಲ್ವಾ? ತಡಿ, ತೋರಿಸ್ತೀನಿ" ಅಂದ. ಉಪ್ಪಿನ ಡಬ್ಬಿ ಒಬ್ಬ ಡಿಫೆಂಡರ್, ಕಾಫಿ ಲೋಟ ಇನ್ನೊಬ್ಬ. ಗೋಲು ಅಂದರೆ ನನ್ನ ಸಾಂಬಾರ್ ಬಟ್ಟಲು. ಬಾಲು ನನ್ನ ವಡೆ. ಅವನ ತಟ್ಟೆಯಲ್ಲೂ ವಡೆ ಇತ್ತು, ಅದನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಮೂರನೇ ಡಿಫೆಂಡರ್ ನೆನಪಾಗಿ, ಮಾಣಿಯನ್ನು ಕರೆದು ಇನ್ನೊಂದು ಬಟ್ಟಲು ಚಟ್ನಿ ಹೇಳಿದ. ಚಟ್ನಿ ಬರುವ ತನಕ ಆಟ ನಿಂತಿತು. ನನ್ನ ವಡೆ ಸೆಂಟರ್ ಲೈನಿನಲ್ಲಿ ತಣ್ಣಗಾಗುತ್ತಿತ್ತು. ಚಟ್ನಿ ಬಂತು. ಸೀನ ಮೂವರನ್ನೂ ದಾಟಿಸಿ, ಎರಡು ಬೆರಳು ಮಡಿಸಿ, ಚಿಮ್ಮಿದ.

ಗೋಲ್.

ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಅಂಗಿ ಒರೆಸಿಕೊಳ್ಳುತ್ತಾ ಕೂತೆ.

ನಿಜವಾದ ಸಿಟ್ಟು ವಡೆಯದಲ್ಲ. ಆವತ್ತು ಅವನಿಗೆ ಬೂಟಿರಲಿಲ್ಲ. ನನ್ನದನ್ನು ಬಿಚ್ಚಿ ಕೊಟ್ಟು ನಾನು ಕ್ಯಾನ್ವಾಸ್ ಶೂನಲ್ಲಿ ಕೆಸರಿಗೆ ಇಳಿದಿದ್ದೆ. ಸಂಜೆ ಹಾಸ್ಟೆಲ್ ಬಾಗಿಲಲ್ಲಿ ಬೂಟು ಇಟ್ಟು ಹೋಗಿದ್ದ. ತೊಳೆದು, ಒಳಗೆ ಪೇಪರ್ ತುರುಕಿ. ಅಷ್ಟು ವರ್ಷದ ಕಥೆಯಲ್ಲಿ ಗಾಳಿ ಬಂತು, ಮಳೆ ಬಂತು, ಬೂಟು ಮಾತ್ರ ಒಂದು ಸಲವೂ ಬರಲಿಲ್ಲ.

ಬಿಲ್ ಬರುವ ಹೊತ್ತಿಗೆ ಸೀನ ನನ್ನ ಕಡೆ ಬಗ್ಗಿ, "ಆವತ್ತು ನಿನ್ನ ಬೂಟು ಕಣೋ..." ಅಂದ. ನನ್ನ ಗಂಟಲು ಕಟ್ಟಿತು.

"ಸಿಕ್ಕಾಪಟ್ಟೆ ಕಚ್ಚುತ್ತಿತ್ತು. ಇಲ್ಲಾಂದ್ರೆ ಇನ್ನೊಂದು ಹೊಡೀತಿದ್ದೆ" ಅಂತ ಹೇಳಿ, ತನ್ನ ವಡೆಯನ್ನು ಪೂರ್ತಿ ಬಾಯಿಗೆ ಹಾಕಿಕೊಂಡ.