ವೈಫೈ ಕಾರ್ಡ್ ಬದಲಿಸುವ ಮೊದಲು ಸ್ವಿಚ್ ನೋಡಿ ಮಾರಾಯ್ರೆ

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲೋ ಪುಣೆಯ ತಾಪಕೀರ್ ಗಲ್ಲಿಯಲ್ಲೋ ಹಳೇ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್ ಕೊಂಡು ಉಬುಂಟು ಲಿನಕ್ಸ್ ಹಾಕುವ ನಮ್ಮವರು, ವೈಫೈ ಬರಲಿಲ್ಲವೆಂದರೆ ಮೊದಲು ಲಿನಕ್ಸಿಗೆ ಬೈತಾರೆ, ಆಮೇಲೆ ಅಂಗಡಿಯವನಿಗೆ. ಎರಡೂ ಬೇಡ. ಟರ್ಮಿನಲ್‌ನಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಹೊಡೆಯಿರಿ. ವೈಫೈಗೆ ಎಲ್ಲಿ ತಡೆ ಬಿದ್ದಿದೆ ಅಂತ ಅದೇ ತೋರಿಸುತ್ತದೆ.

'ಸಾಫ್ಟ್ ಬ್ಲಾಕ್ಡ್: ಯೆಸ್' ಅಂತ ಬಂದರೆ ಅದು ಬರೀ ಸಾಫ್ಟ್‌ವೇರ್ ತಡೆ, ತಲೆಬಿಸಿಯೇ ಇಲ್ಲ. 'ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಸಾಕು.

'ಹಾರ್ಡ್ ಬ್ಲಾಕ್ಡ್: ಯೆಸ್' ಆದರೆ ಅದೇ ಕಮಾಂಡ್ ನೂರು ಸಲ ಹೊಡೆದರೂ ಪ್ರಯೋಜನವಿಲ್ಲ. ಈ ತಡೆ ಹಾರ್ಡ್‌ವೇರಿನದು, ಲಿನಕ್ಸಿನ ತಿರುಳಾದ ಕರ್ನಲ್ ಅದನ್ನು ಓದಬಲ್ಲದೇ ಹೊರತು ತೆಗೆಯಲಾರದು. ಲ್ಯಾಪ್‌ಟಾಪ್ ಬದಿಯ ಪುಟ್ಟ ಸ್ವಿಚ್ ತಳ್ಳಿ ನೋಡಿ, ಎಫ್‌ಎನ್ ಕೀ ಒತ್ತಿ ನೋಡಿ, ಆಮೇಲೆ ಬಯೋಸ್ (ಲ್ಯಾಪ್‌ಟಾಪ್ ಶುರುವಾಗುವಾಗ ಸಿಗುವ ಸೆಟ್ಟಿಂಗ್). ಎಚ್‌ಪಿ ಎಲೈಟ್‌ಬುಕ್‌ಗಳ ಬಯೋಸ್‌ನಲ್ಲಿ ಲ್ಯಾನ್-ವೈಫೈ ಸ್ವಿಚಿಂಗ್ ಅಂತೊಂದಿದೆ. ಅದು ಆನ್ ಇದ್ದರೆ ಲ್ಯಾನ್ ಕೇಬಲ್ ಚುಚ್ಚಿದ ಕೂಡಲೇ ವೈಫೈ ಬಂದ್.

ಸ್ವಿಚ್ಚೇ ಇಲ್ಲದ ಮಾಡೆಲ್‌ನಲ್ಲೂ 'ಹಾರ್ಡ್ ಯೆಸ್' ಬರುವುದುಂಟು. ಆಗ ಲಿಸ್ಟಿನಲ್ಲಿ ಹಾಗೆ ಹೇಳುತ್ತಿರುವುದು ಯಾರು ನೋಡಿ. 'ಫೈ0' (ಅಂದರೆ ವೈಫೈ ಕಾರ್ಡ್) ಸಾಲಿನಲ್ಲಿ ನೋ, 'ಐಡಿಯಾಪ್ಯಾಡ್_ಡಬ್ಲ್ಯುಲ್ಯಾನ್' ಸಾಲಿನಲ್ಲಿ ಯೆಸ್ ಅಂತಿದ್ದರೆ ಕಾರ್ಡ್ ಸರಿಯಾಗೇ ಇದೆ, ಲೆನೊವೊ ಡ್ರೈವರ್ ಸುಳ್ಳು ಹೇಳುತ್ತಿದೆ. ಹಳೇ ಕರ್ನಲ್‌ಗಳಲ್ಲಿ ಕೆಲವು ಯೋಗಾ ಮಾಡೆಲ್‌ಗಳಿಗೆ ಇದೇ ರೋಗ. 'ಸುಡೊ ಮಾಡ್‌ಪ್ರೋಬ್ -ಆರ್ ಐಡಿಯಾಪ್ಯಾಡ್_ಲ್ಯಾಪ್‌ಟಾಪ್' ಕೊಟ್ಟು ಆ ಡ್ರೈವರ್ ಮಾಡ್ಯೂಲನ್ನು ಇಳಿಸಿ ನೋಡಿ. ವೈಫೈ ಬಂತೇ? ಹಾಗಾದರೆ ಮೊದಲು ಕರ್ನಲ್ ಅಪ್‌ಡೇಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಮಾಡ್ಯೂಲನ್ನು, ಮತ್ತೆ ಲೋಡ್ ಆಗದಂತೆ, ಬ್ಲ್ಯಾಕ್‌ಲಿಸ್ಟ್‌ಗೆ ಸೇರಿಸಿ. ಕೆಲವು ಎಫ್‌ಎನ್ ಕೀಗಳೂ ಬ್ಯಾಟರಿ ಕನ್ಸರ್ವೇಶನ್ ಮೋಡೂ ಅದರ ಜೊತೆಗೇ ಹೋಗುತ್ತವೆ, ಗೊತ್ತಿರಲಿ. ಕೆಲವು ಏಸಸ್‌ಗಳಿಗೆ 'ಏಸಸ್_ಎನ್‌ಬಿ_ಡಬ್ಲ್ಯುಎಂಐ' ಮಾಡ್ಯೂಲಿಗೆ 'ಡಬ್ಲ್ಯುಎಪಿಎಫ್=4' ಆಯ್ಕೆ ಕೊಟ್ಟರೆ ಸರಿಹೋಗುತ್ತದೆ.

'ಫೈ0' ಸಾಲಿನಲ್ಲೇ ಹಾರ್ಡ್ ಯೆಸ್ ಇದ್ದರೆ ಸ್ವಿಚ್ ಕಾಂಟ್ಯಾಕ್ಟ್ ಮೇಲೆ ಅನುಮಾನ ಪಡಿ. ಮುಂಬಯಿ-ಗೋವಾದ ಮಳೆಗಾಲದ ಉಪ್ಪುಗಾಳಿಗೆ ಅದಕ್ಕೆ ತುಕ್ಕು ಹಿಡಿಯುವುದೇನು ದೊಡ್ಡದಲ್ಲ. ಪವರ್ ಆಫ್ ಮಾಡಿ, ಬ್ಯಾಟರಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಬಿಟ್ಟು, ಹತ್ತಿಪ್ಪತ್ತು ಸಲ ಆಚೀಚೆ ಆಡಿಸಿ, ಒಣಗಲು ಬಿಡಿ. ಹಳೇ ಮಿನಿ ಪಿಸಿಐಇ ಕಾರ್ಡಿನಲ್ಲಿ ರೇಡಿಯೊ ಆಫ್ ಮಾಡುವುದು 20ನೇ ಪಿನ್. ಕೊನೆಯ ಉಪಾಯವಾಗಿ ಅದೊಂದರ ಮೇಲೆ ಕ್ಯಾಪ್ಟಾನ್ ಟೇಪಿನ (ಬಿಸಿ ತಡೆಯುವ ಇನ್ಸುಲೇಶನ್ ಟೇಪ್) ಸಣ್ಣ ಎಳೆ ಅಂಟಿಸಬಹುದು. ಸೆಲ್ಲೊಟೇಪ್ ಬೇಡ, ಬಿಸಿಗೆ ಅಂಟು ಕರಗಿ ಸ್ಲಾಟಿಗೆ ಮೆತ್ತುತ್ತದೆ.

ಇನ್ನು ಲಿಸ್ಟಿನಲ್ಲಿ ವೈಫೈ ಸಾಲೇ ಇಲ್ಲವೆಂದರೆ ಸ್ವಿಚ್ಚಿನ ತಂಟೆಗೇ ಹೋಗಬೇಡಿ. 'ಎಲ್‌ಎಸ್‌ಪಿಸಿಐ -ಕೆ' ಕೊಟ್ಟು ಕಾರ್ಡಿನ ಕೆಳಗೆ ಡ್ರೈವರ್ ಹೆಸರಿದೆಯೇ ನೋಡಿ. ಬ್ರಾಡ್‌ಕಾಮ್ ಆದರೆ ಹೆಚ್ಚಾಗಿ ಇರುವುದಿಲ್ಲ. ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಮೂಲಕ ಇಂಟರ್ನೆಟ್ ಕೊಟ್ಟು ಡ್ರೈವರ್ ಇಳಿಸಿಕೊಳ್ಳಿ.